ಯಾರೂ ಮೀಟದ ಗಾಂಧಾರ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಯೋಗ ಕಲಿತ ನಮ್ಮ ತಲೆಮಾರಿನವರಿಗೆ ಅಭ್ಯಾಸಕ್ಕೆಂದು ಸಂಗೀತ ಆರಿಸಿಕೊಳ್ಳುವ ಕೆಲಸವೇ ಇರಲಿಲ್ಲ. ಬೆಳಗಿನ ಐದೂವರೆಗೆ ಚಾಪೆ ಬಿಡಿಸುವ ಹೊತ್ತಿಗೆ ಬೀದಿ ಆಗಲೇ ಒಂದು ಶ್ರುತಿ ಹಿಡಿದಿರುತ್ತಿತ್ತು. ದೇವಸ್ಥಾನದ ಧ್ವನಿವರ್ಧಕದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. ಎದುರು ಮನೆಯ ರೇಡಿಯೋದಲ್ಲಿ ನಾದಸ್ವರ. ಪಕ್ಕದ ಮನೆಯ ನಡುಮನೆಯಲ್ಲಿ ಯಾವುದೋ ಹುಡುಗಿಯ ಸರಳೆ ವರಸೆ. ಇವು ಯಾವುವೂ ನಮಗಾಗಿ ಹಾಕಿದವಲ್ಲ, ಆದರೂ ನಮ್ಮ ಉಸಿರು ಇವುಗಳ ನಡುವೆಯೇ ಪಳಗಿತು. ಕಿವಿ ತೆರೆದುಕೊಂಡು ಮೈ ಬಗ್ಗಿಸುವುದನ್ನು ನಾವು ಹೀಗೆ ಕಲಿತೆವು.

ಈಗ ಬೆಂಗಳೂರಿನ ಯಾವುದೇ ಯೋಗದ ತರಗತಿಗೆ ಹೋದರೂ ಮೊದಲು ಕಾಣುವುದು ಗೋಡೆಯ ಮೂಲೆಯ ಪುಟ್ಟ ಸ್ಪೀಕರು. ಮೊಬೈಲಿನಲ್ಲಿ ಒಂದು ಪಟ್ಟಿ ಓಡುತ್ತಿರುತ್ತದೆ. ಮಳೆಯ ಸದ್ದು, ಕೊಳಲಿನ ಒಂದು ಎಳೆ, ಸಿಂಥಸೈಜರಿನ ಮಂಜು ಮಂಜಾದ ಹಿನ್ನೆಲೆ, ಮತ್ತೆ ಮಳೆ. ಬೆಳಗಿನ ತರಗತಿಗೂ ಅದೇ, ಸಂಜೆ ಕಚೇರಿಯಿಂದ ಬಂದವರ ತರಗತಿಗೂ ಅದೇ. ಅದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಯಾರೂ ಹೇಳಲಾರರು, ಏಕೆಂದರೆ ಅದನ್ನು ಕೇಳಲೆಂದು ಮಾಡಿಲ್ಲ. ಕೇಳಿಸದೆ ಇರಲೆಂದೇ ಮಾಡಿದ ಸಂಗೀತ ಅದು. ನನ್ನನ್ನು ಕಾಡುವುದು ಇದೇ. ಯೋಗದ ಕೋಣೆಯಲ್ಲಿ ಸದ್ದು ಹೆಚ್ಚಿತು, ಕೇಳುವುದು ಕಡಿಮೆಯಾಯಿತು.

ನಾನು ಕಲಿತ ಮನೆಯನ್ನು ಯೋಗಶಾಲೆ ಎಂದು ಯಾರೂ ಕರೆಯುತ್ತಿರಲಿಲ್ಲ. ಅದು ಮೇಷ್ಟ್ರ ಮನೆ, ಅಷ್ಟೆ. ಕೆಂಪು ಗಾರೆಯ ನೆಲ, ಮೂಲೆಯಲ್ಲಿ ಸುತ್ತಿಟ್ಟ ಜಮಖಾನಗಳು, ಗೋಡೆಯ ಮೇಲೆ ಪತಂಜಲಿಯ ಚಿತ್ರ. ಹೊರಗಿನ ಪಡಸಾಲೆಯಲ್ಲಿ ಮೇಷ್ಟ್ರು ನಮಗೆ ಆಸನ ಕಲಿಸುತ್ತಿದ್ದರೆ, ಒಳಗಿನ ಕೋಣೆಯಲ್ಲಿ ಅವರ ಮನೆಯವರು ಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದರು. ಬೀದಿಯವರಿಗೆಲ್ಲ ಅವರು ವೀಣೆಯಮ್ಮ. ಎರಡೂ ಪಾಠ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ಮಧ್ಯೆ ಇದ್ದದ್ದು ಒಂದು ಬಟ್ಟೆಯ ಪರದೆ.

ಸಂಗೀತ ಕಲಿತ ಯಾರಿಗೂ ಗೊತ್ತು, ಮೊದಲ ಪಾಠ ಮಾಯಾಮಾಳವಗೌಳ. ಸರಳೆ ವರಸೆ, ಜಂಟಿ ವರಸೆಗಳಿಗೆ ಆ ರಾಗವನ್ನು ಗೊತ್ತುಮಾಡಿದವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ಹಿಂದೂಸ್ತಾನಿಯಲ್ಲಿ ಇದೇ ಸ್ವರಗಳ ಮೇಲೆ ನಿಂತದ್ದು ಭೈರವ್, ಸೂರ್ಯ ಹುಟ್ಟುವ ಹೊತ್ತಿನ ರಾಗ. ಒಳಗೆ ಮಕ್ಕಳು ಆದಿತಾಳದಲ್ಲಿ ಮೊದಲನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂದು ನುಡಿಸುತ್ತ ಹೋಗುತ್ತಿದ್ದರು. ಮೊದಲ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು. ಹೊರಗೆ ನಾವು ಪಶ್ಚಿಮೋತ್ತಾನಾಸನದಲ್ಲಿ ಮುಖವನ್ನು ಮಂಡಿಗೆ ತಂದುಕೊಂಡು, ಏರುವ ನಾಲ್ಕು ಸ್ವರಕ್ಕೆ ಉಸಿರು ತೆಗೆದುಕೊಂಡು ಇಳಿಯುವ ನಾಲ್ಕು ಸ್ವರಕ್ಕೆ ಬಿಡುತ್ತಿದ್ದೆವು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮೂರನೆಯ ಕಾಲ ಬಂದಾಗ ಮೇಷ್ಟ್ರು, "ಅವರ ಓಟ ಅವರಿಗೆ, ನಿಮ್ಮ ಉಸಿರು ನಿಮಗೆ" ಎನ್ನುತ್ತಿದ್ದರು. ಸಂಗೀತದ ಜೊತೆ ಸಾಗುವುದನ್ನೂ, ಅದು ಓಡಿದಾಗ ನಾವು ನಿಲ್ಲುವುದನ್ನೂ ಆ ಪಡಸಾಲೆಯೇ ಕಲಿಸಿತು.

ಆಸನ ಮುಗಿದು ಶವಾಸನಕ್ಕೆ ಮಲಗಿದಾಗ ವೀಣೆಯ ಪಾಠವೂ ಮುಗಿದಿರುತ್ತಿತ್ತು. ಆಗ ವೀಣೆಯಮ್ಮ ತಂಬೂರಿಯನ್ನು ಹೊರಗೆ ತಂದು ಗೋಡೆಗೊರಗಿ ಕೂರುತ್ತಿದ್ದರು. ನಮಗೆ ಕೇಳಲು ಸಿಕ್ಕುತ್ತಿದ್ದ ಮೊದಲ ಸದ್ದು ಬಿರಡೆಯನ್ನು ತಿರುಗಿಸುವ ಕಿರಿಕ್. ಪಂಚಮ, ಸಾರಣಿ, ಅನುಸಾರಣಿ, ಮಂದ್ರ, ನಾಲ್ಕೇ ತಂತಿ. ಒಂದೊಂದನ್ನೂ ಮೀಟಿ, ಕಿವಿಯನ್ನು ಬುರುಡೆಯ ಹತ್ತಿರ ತಂದು, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಮೀಟುತ್ತಿದ್ದರು. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲಿನ ಎಳೆಯನ್ನು, ಅಂದರೆ ಜೀವಾಳವನ್ನು, ಬೆರಳ ತುದಿಯಲ್ಲಿ ಆಚೀಚೆ ಸರಿಸುತ್ತಿದ್ದರು. ಎಳೆ ಸರಿಯಾದ ಜಾಗಕ್ಕೆ ಬಂದ ಕ್ಷಣ ಬಿಗಿಯಾಗಿದ್ದ ತಂತಿ ಬಾಯಿಬಿಟ್ಟು ಝೇಂಕರಿಸುತ್ತಿತ್ತು. ಶ್ರುತಿ ಕೂಡುವುದಕ್ಕೆ ಹಿಡಿಯುತ್ತಿದ್ದ ಆ ಹೊತ್ತು ನಮಗೆ ಪಾಠದ ಭಾಗವೇ ಆಗಿತ್ತು. ಕಣ್ಣು ಮುಚ್ಚಿದ್ದ ನಾವೆಲ್ಲ, ಇನ್ನೂ ಕೂಡಿಲ್ಲ, ಇನ್ನೂ ಕೂಡಿಲ್ಲ, ಈಗ ಕೂಡಿತು ಎಂದು ಒಳಗೊಳಗೇ ಅಳೆಯುತ್ತಿದ್ದೆವು.

ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಒಂದು ವಿಶೇಷವಿದೆ. ತಂತಿಗಳನ್ನು ಕೂಡಿಸಿರುವುದು ಷಡ್ಜಕ್ಕೆ ಮತ್ತು ಪಂಚಮಕ್ಕೆ ಮಾತ್ರ. ಆದರೂ ಕಿವಿಗೊಟ್ಟು ಕೇಳಿದರೆ ಮೇಲೆಲ್ಲೋ ಅಂತರ ಗಾಂಧಾರ ಕೇಳಿಸುತ್ತದೆ. ವಿದ್ವಾಂಸರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಮಂದ್ರದ ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ. ಐದು ಭಾಗವಾಗಿ ಕಂಪಿಸುವಾಗ ಹುಟ್ಟುವುದು ಆ ಗಾಂಧಾರ. ಅಗಲವಾದ ಕುದುರೆ ಮತ್ತು ಜೀವಾಳದ ಎಳೆ ಸೇರಿ ಆ ಸೂಕ್ಷ್ಮ ನಾದಗಳನ್ನು ಎತ್ತಿ ತೋರಿಸುತ್ತವೆ. ಯಾರೂ ಮೀಟದ ಸ್ವರ ಅದು. ಅವಸರದ ಕಿವಿಗೆ ಸಿಕ್ಕುವುದಿಲ್ಲ, ಉಸಿರು ಇಳಿದವನಿಗೆ ತಾನಾಗಿ ಸಿಕ್ಕುತ್ತದೆ. ಮೇಷ್ಟ್ರು ನಮ್ಮನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಗಾಂಧಾರ ಕೇಳಿಸಿತೇನಯ್ಯ?" ಕೇಳಿಸಿತು ಎಂದವರಿಗೆ ಅಂದಿನ ಶವಾಸನ ಸರಿಯಾಯಿತು ಎಂದರ್ಥ.

ಅವರು ಇದನ್ನು ತಮ್ಮ ಮನಸ್ಸಿನಿಂದ ಹುಟ್ಟಿಸಿಕೊಂಡಿರಲಿಲ್ಲ. ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯ ನಾಲ್ಕನೆಯ ಉಪದೇಶದಲ್ಲಿ ನಾದಾನುಸಂಧಾನದ ವಿವರವಿದೆ. ಆರಂಭ, ಘಟ, ಪರಿಚಯ, ನಿಷ್ಪತ್ತಿ ಎಂಬ ನಾಲ್ಕು ಅವಸ್ಥೆಗಳು. ಅಭ್ಯಾಸಿಗೆ ಒಳಗೆ ಕೇಳಿಸುವ ನಾದಗಳಿಗೂ ಒಂದು ಕ್ರಮ ಹೇಳಿದೆ. ಮೊದಲು ಕಡಲಿನ ಮೊರೆತ, ಗುಡುಗು, ಭೇರಿಯಂಥ ದೊಡ್ಡ ಸದ್ದುಗಳು. ಆಮೇಲೆ ಮದ್ದಳೆ, ಶಂಖ, ಗಂಟೆ. ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಯ ಝೇಂಕಾರ. ಸ್ಥೂಲದಿಂದ ಸೂಕ್ಷ್ಮಕ್ಕೆ ಇಳಿಯುತ್ತ ಹೋಗುವುದೇ ಅಲ್ಲಿಯ ದಾರಿ. ಮೂಗಿನಿಂದ ದುಂಬಿಯಂತೆ ಗುಂಯ್‌ಗುಟ್ಟುವ ಭ್ರಾಮರಿ ಪ್ರಾಣಾಯಾಮವನ್ನು ಇಂದಿಗೂ ಎಲ್ಲ ತರಗತಿಗಳಲ್ಲಿ ಮಾಡಿಸುತ್ತಾರೆ. ಹಾಗೆ ಮಾಡಿಸುವಾಗಲೂ ಸ್ಪೀಕರು ಹಾಡುತ್ತಲೇ ಇರುತ್ತದೆ ಎಂಬುದು ನನಗೆ ನಿಜವಾದ ನೋವು. ತನ್ನ ತಲೆಬುರುಡೆಯೊಳಗೆ ಹಬ್ಬುವ ನಾದವನ್ನು ಹಿಡಿಯಬೇಕಾದ ಹೊತ್ತಿನಲ್ಲಿ ಹೊರಗಿನ ಸದ್ದು ಅದನ್ನು ಮುಚ್ಚಿಬಿಡುತ್ತದೆ.

ಮೈಸೂರಿಗೆ ಯೋಗ ಮತ್ತು ನಾದದ ಈ ನಂಟು ಬಂದದ್ದು ಅರಮನೆಯಿಂದ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ಅಲ್ಲಿ ಕಲಿಸಿದವರು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ಮರುವರ್ಷವೇ ಅವರ 'ಯೋಗ ಮಕರಂದ' ಕನ್ನಡದಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಅದೇ ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರೂ ಮುತ್ತಯ್ಯ ಭಾಗವತರೂ ಇದ್ದರು. ವೀಣೆ ಶೇಷಣ್ಣನವರು ಕಣ್ಮರೆಯಾಗಿ ಇನ್ನೂ ಹತ್ತು ವರ್ಷವಾಗಿರಲಿಲ್ಲ, ಅವರ ಮೀಟಿನ ಬನಿ ಊರಿನ ಕಿವಿಯಲ್ಲಿತ್ತು. ಹೀಗೆ ಯೋಗವೂ ವೀಣೆಯೂ ಒಂದೇ ಅಂಗಳದಲ್ಲಿ ಬೆಳೆದವು. ಆದರೂ ಯೋಗಶಾಲೆಯ ಒಳಗೆ ವಾದ್ಯ ಬೇಕಾಗಲಿಲ್ಲ. ಅಲ್ಲಿಯ ಲಯ ಬೇರೆ ಕಡೆಯಿಂದ ಬರುತ್ತಿತ್ತು.

ಆ ಲಯದ ಹೆಸರು ಎಣಿಕೆ. ಕೃಷ್ಣಮಾಚಾರ್ಯರ ಶಿಷ್ಯರಾದ, ಹಾಸನದ ಕಡೆಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ ದಶಕಗಳ ಕಾಲ ಅದನ್ನು ಉಳಿಸಿಕೊಂಡು ಬಂದರು. ಏಕಂ ಎಂದಾಗ ಪೂರಕ, ಅಂದರೆ ಉಸಿರು ಒಳಗೆ, ದ್ವೇ ಎಂದಾಗ ರೇಚಕ, ಅಂದರೆ ಉಸಿರು ಹೊರಗೆ. ಸೂರ್ಯನಮಸ್ಕಾರದ ಮೊದಲ ಕ್ರಮಕ್ಕೆ ಒಂಬತ್ತು ವಿನ್ಯಾಸ, ಎರಡನೆಯದಕ್ಕೆ ಹದಿನೇಳು. ಸಂಸ್ಕೃತದ ಸಂಖ್ಯೆಗಳನ್ನು ಏರಿಳಿಸಿ, ಒಂದಷ್ಟು ಎಳೆದು, ಒಂದಷ್ಟು ಬಿಗಿಹಿಡಿದು ಹೇಳುವಾಗ ಆ ಎಣಿಕೆಗೇ ಒಂದು ತಾಳ ಬರುತ್ತದೆ. ಎಲ್ಲರೂ ಒಟ್ಟಿಗೆ ಎಣಿಕೆಗೆ ಅಭ್ಯಾಸ ಮಾಡುವ ದಿನಗಳ ಮಾತು ಇದು. ಮಿಕ್ಕ ದಿನಗಳಲ್ಲಿ ಅದೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಅಭ್ಯಾಸ ಮಾಡುತ್ತಿರುತ್ತಾರೆ, ಕೋಣೆಯಲ್ಲಿ ಕೇಳಿಸುವುದು ಗಂಟಲಲ್ಲಿ ಉಜ್ಜಿಕೊಂಡು ಹೋಗುವ ಉಸಿರಿನ ಸದ್ದು ಮಾತ್ರ. ದೂರದ ದೇಶಗಳಿಂದ ಜನ ಮೈಸೂರಿಗೆ ಬಂದದ್ದು ಆ ಉಸಿರಿನ ಕೋಣೆಗಾಗಿ. ಅವರು ಹಿಂದಿರುಗಿ ಹೋಗಿ ತಮ್ಮೂರಿನಲ್ಲಿ ಅದೇ ಬಗೆಯ ಅಭ್ಯಾಸಕ್ಕೆ ಮೈಸೂರಿನ ಹೆಸರನ್ನೇ ಇಟ್ಟರು. ಆ ಹೆಸರು ಇಂದು ಲೋಕದಲ್ಲೆಲ್ಲ ಉಳಿದಿದೆ. ನಮ್ಮ ಊರುಗಳ ತರಗತಿಗಳಲ್ಲಿ ಮಾತ್ರ ಉಸಿರಿನ ಸದ್ದು ಕೇಳುವುದು ಅಪರೂಪವಾಗಿದೆ.

ಅರಮನೆಯ ಅದೇ ಯೋಗಶಾಲೆಯಿಂದ ಹೊರಟ ಇನ್ನೊಬ್ಬರು ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. 1952ರಲ್ಲಿ ಮುಂಬಯಿಗೆ ಬಂದಿದ್ದ ಜಗದ್ವಿಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರನ್ನು ಕಂಡರು. ಬಿಡುವಿಲ್ಲದ ಕಚೇರಿಗಳಿಂದ ಮೆನುಹಿನ್ ದಣಿದಿದ್ದರು. ಅಯ್ಯಂಗಾರರು ಅವರನ್ನು ಮಲಗಿಸಿ ವಿಶ್ರಾಂತಿ ಕೊಟ್ಟರು, ಆಮೇಲೆ ವರ್ಷಗಟ್ಟಲೆ ಕಲಿಸಿದರು. 1966ರಲ್ಲಿ ಅಯ್ಯಂಗಾರರ 'ಲೈಟ್ ಆನ್ ಯೋಗ' ಹೊರಬಂದಾಗ ಮುನ್ನುಡಿ ಬರೆದವರು ಮೆನುಹಿನ್ನರೇ. ತನ್ನ ಅತ್ಯುತ್ತಮ ಪಿಟೀಲು ಗುರು ಎಂದು ಕೆತ್ತಿಸಿದ ಕೈಗಡಿಯಾರವನ್ನು ಅಯ್ಯಂಗಾರರಿಗೆ ಕೊಟ್ಟವರೂ ಅವರೇ. ಇಡೀ ಬಾಳನ್ನು ಸಂಗೀತದಲ್ಲೇ ಕಳೆದ ಮನುಷ್ಯನಿಗೆ ಯೋಗದಿಂದ ಬೇಕಾದದ್ದು ಇನ್ನಷ್ಟು ಸಂಗೀತವಲ್ಲ. ಬಿಲ್ಲು ಹಿಡಿದ ಕೈಯ ಬಿಗುವು ಎಲ್ಲಿದೆ, ಭುಜ ಎಲ್ಲಿ ಮುದುಡಿದೆ ಎಂದು ಮೈಯೊಳಗೆ ಕೇಳಿಸಿಕೊಳ್ಳುವ ಬಿಡುವು ಅವರಿಗೆ ಬೇಕಾಗಿತ್ತು. ಅದನ್ನು ಕಲಿತ ಮೇಲೆ ಪಿಟೀಲು ತಾನಾಗಿ ಸುಧಾರಿಸಿತು. ಸಂಗೀತ ಆರಿಸುವ ಮುನ್ನ ನಾವು ನೆನೆಯಬೇಕಾದ ಪ್ರಸಂಗ ಇದು.

ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಆಗ ಜೊತೆಯಾಗಿದ್ದುದು ಆಕಾಶವಾಣಿ. ಮೈಸೂರಿಗೆ ರೇಡಿಯೋದ ನಂಟು ಬಹಳ ಹಳೆಯದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ್ದರು. ಬೆಳಗಿನ ಜಾವ ರೇಡಿಯೋ ತಿರುಗಿಸಿ ಕಾದು ಕೂತರೆ ಮೊದಲು ಬರುತ್ತಿದ್ದುದು ಆಕಾಶವಾಣಿಯ ಸಂಕೇತ ಸಂಗೀತ. ಅಡಿಯಲ್ಲಿ ತಂಬೂರಿ, ಮೇಲೆ ಶಿವರಂಜನಿಯ ನೆರಳಿನಲ್ಲಿ ಪಿಟೀಲು. ನಾಜಿಗಳ ಕಾಟಕ್ಕೆ ನೆಲೆ ತಪ್ಪಿ ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ 1930ರ ದಶಕದಲ್ಲಿ ಸಂಯೋಜಿಸಿದ್ದು. ಆಮೇಲೆ ವಂದೇ ಮಾತರಂ, ಮಂಗಳವಾದ್ಯ, ಭಕ್ತಿಗೀತೆಗಳು, ಚಿಂತನ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಬಂದ ದಿನ ನಾಡಿಶುದ್ಧಿಯ ಸುತ್ತುಗಳು ಹೆಚ್ಚಾಗುತ್ತಿದ್ದವು. ಆರು ಐವತ್ತೈದಕ್ಕೆ ಸಂಸ್ಕೃತ ವಾರ್ತೆ, ಏಳು ಐದಕ್ಕೆ ಪ್ರದೇಶ ಸಮಾಚಾರ. ವಾರ್ತೆಯ ದನಿ ಕೇಳಿದರೆ ಶವಾಸನದಿಂದ ಏಳುವ ಹೊತ್ತಾಯಿತು ಎಂದರ್ಥ. ಇಂಥ ದಿನ ಇಂಥದೇ ರಾಗ ಬರಲಿ ಎಂದು ಕೇಳುವ ಹಕ್ಕು ನಮಗಿರಲಿಲ್ಲ. ಬಂದದ್ದನ್ನು ಕೇಳಿದೆವು. ಬೌಳಿ ಬಂತು, ಮಲಯಮಾರುತ ಬಂತು, ಬಿಲಹರಿ ಬಂತು. ಹೆಸರು ತಿಳಿಯುವ ಮೊದಲೇ ಅವು ಬೆಳಗಿನವು ಎಂದು ಮೈಗೆ ಗೊತ್ತಾಯಿತು.

ಉತ್ತರ ಕರ್ನಾಟಕದ ಗೆಳೆಯರ ನೆನಪು ಇನ್ನೊಂದು ಬಗೆಯದು. ಧಾರವಾಡ, ಹುಬ್ಬಳ್ಳಿಗಳ ಓಣಿಗಳಲ್ಲಿ ನಸುಕಿನಲ್ಲಿ ನಡೆದರೆ ಯಾರಾದರೊಬ್ಬರು ಖರಜ್ ರಿಯಾಜಿಗೆ ಕೂತಿರುತ್ತಿದ್ದರಂತೆ. ಮಂದ್ರ ಷಡ್ಜವನ್ನು ಹಿಡಿದು, ಒಂದು ಉಸಿರು ಪೂರ್ತಿ ತೀರುವವರೆಗೆ ಅದೇ ಸ್ವರದಲ್ಲಿ ನಿಲ್ಲುವುದು. ಮತ್ತೆ ಉಸಿರು, ಮತ್ತೆ ಅದೇ ಷಡ್ಜ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಇವರೆಲ್ಲ ಬೆಳೆದ ನೆಲ ಅದು. ಪ್ರಾಣಾಯಾಮ ಬಲ್ಲವರು ಆ ರಿಯಾಜನ್ನು ಕೇಳಿದರೆ ಕೂಡಲೇ ಗುರುತು ಹಿಡಿಯುತ್ತಾರೆ. ಚಿಕ್ಕ ಪೂರಕ, ಬಹಳ ಉದ್ದದ ರೇಚಕ. ರೇಚಕ ನೀಳವಾದಷ್ಟೂ ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ. ಹಾಡುಗಾರನ ಸ್ವರಸಾಧನೆಯೂ ಯೋಗಾಭ್ಯಾಸಿಯ ಉಸಿರಿನ ಸಾಧನೆಯೂ ಒಂದೇ ನಸುಕಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ನಡೆಯುತ್ತಿದ್ದವು. ಯಾರದು ಯಾರಿಗೆ ಜೊತೆ ಎಂದು ಬೇರ್ಪಡಿಸಿ ಹೇಳಲಾಗುತ್ತಿರಲಿಲ್ಲ.

ಕ್ಯಾಸೆಟ್ಟು ಬಂದಾಗ ಈ ಲೋಕ ಸ್ವಲ್ಪ ಬದಲಾಯಿತು, ಮುರಿಯಲಿಲ್ಲ. ನಮ್ಮ ಮೇಷ್ಟ್ರ ಮನೆಗೂ ಒಂದು ಟೇಪ್‌ರೆಕಾರ್ಡರ್ ಬಂತು. ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ ಕಾಬ್ರಾ ಸೇರಿ ನುಡಿಸಿದ 'ಕಾಲ್ ಆಫ್ ದಿ ವ್ಯಾಲಿ' 1967ರದು. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಹೇಳುವ ಅದರ ಮೊದಲ ರಾಗ ಅಹೀರ್ ಭೈರವ್. ಅದರ ಕ್ಯಾಸೆಟ್ಟನ್ನು ಹಬ್ಬದ ಮುಂಜಾನೆಗಳಲ್ಲಿ ಮಾತ್ರ ಹಾಕುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಅರ್ಧ ಗಂಟೆ. ಆಲಾಪದಿಂದ ಶುರುವಾದದ್ದು ತನ್ನ ದಾರಿ ಮುಗಿಸಿಯೇ ನಿಲ್ಲುತ್ತಿತ್ತು. ಆ ಮೇಲೆ ಮಗ್ಗುಲು ತಿರುವಿ ಹಾಕುವವರೆಗೆ ಕೋಣೆಯಲ್ಲಿ ಮೌನ. ನುಡಿಸಿದವರಿಗೆ ಹೆಸರಿತ್ತು, ರಾಗಕ್ಕೆ ಹೆಸರಿತ್ತು, ಒಂದು ಆದಿ, ಒಂದು ಅಂತ್ಯ ಇದ್ದವು. ಸಂಗೀತ ಮುಗಿದದ್ದು ಗೊತ್ತಾಗುತ್ತಿತ್ತು, ಹಾಗಾಗಿ ಮೌನ ಶುರುವಾದದ್ದೂ ಗೊತ್ತಾಗುತ್ತಿತ್ತು.

ಯಂತ್ರ ಬಂದದ್ದೇ ಕೆಡುಕಾಯಿತು ಎಂದು ನಾನು ಹೇಳಲಾರೆ. ಜಗತ್ತಿನ ಸಂಗೀತಗಾರರ ಚೀಲ ಸೇರಿದ ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕೊಳಲುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅದನ್ನು ರೂಪಿಸಿದರು. ತಂಬೂರಿ ಹೊತ್ತು ತಿರುಗಲಾಗದವರಿಗೆ, ಮೀಟುವವರು ಜೊತೆಗಿಲ್ಲದವರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಆ ಪೆಟ್ಟಿಗೆಯಲ್ಲೂ ಶ್ರುತಿಯನ್ನು ಗುಂಡಿ ತಿರುಗಿಸಿ ಕಿವಿಯಿಂದಲೇ ಕೂಡಿಸಬೇಕಿತ್ತು. ಕಿವಿಯ ಕೆಲಸ ಅಲ್ಲಿ ಉಳಿದಿತ್ತು. ಇಂದಿನ ಪಟ್ಟಿಗಳು ಕಸಿದುಕೊಂಡಿರುವುದು ಆ ಕೆಲಸವನ್ನು.

ಈಗ ಯೋಗಕ್ಕೆಂದು ಸಂಗೀತ ಹುಡುಕುವವರಿಗೆ ಎದುರಾಗುವುದು ಅಂಕಿಗಳು. 432 ಹರ್ಟ್ಸ್ ಮನಸ್ಸಿಗೆ, 528 ಹರ್ಟ್ಸ್ ದೇಹಕ್ಕೆ, ಇಂಥ ಚಕ್ರಕ್ಕೆ ಇಂಥ ಕಂಪನ ಎಂದು ಸಾಲು ಸಾಲು ಶೀರ್ಷಿಕೆಗಳು. ನಮ್ಮ ಸಂಗೀತ ಬಲ್ಲವರು ಇದನ್ನು ಕಂಡು ನೋಯದೆ ಇರಲಾರರು. ಪಾಶ್ಚಾತ್ಯ ವಾದ್ಯಮೇಳಗಳು ಒಂದೇ ಮಟ್ಟಕ್ಕೆ ಕೂಡಬೇಕಾದ್ದರಿಂದ 1939ರ ಲಂಡನ್ ಸಮ್ಮೇಳನದಲ್ಲಿ 440ನ್ನು ಒಪ್ಪಿಕೊಂಡವು. ಅದು ಅವರಿಗೆ ಬೇಕಾದ ಅನುಕೂಲ. ನಮ್ಮಲ್ಲಿ ಷಡ್ಜಕ್ಕೆ ಗೊತ್ತಾದ ಅಂಕಿಯೇ ಇಲ್ಲ. ಹಾಡುವವರ ಕಂಠ ಎಲ್ಲಿ ಸುಖವಾಗಿ ನಿಲ್ಲುತ್ತದೋ ಅದೇ ಅವರ ಆಧಾರ ಶ್ರುತಿ. ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಒಬ್ಬರದು ಕಪ್ಪು ಎರಡು, ಇನ್ನೊಬ್ಬರದು ಬಿಳಿ ನಾಲ್ಕು. ವಯಸ್ಸಾದಂತೆ ಅದೂ ಇಳಿಯುತ್ತದೆ. ನಿನ್ನ ಮೈಗೆ ಹೊಂದುವ ಶ್ರುತಿಯನ್ನು ನೀನೇ ಹುಡುಕಿಕೊ ಎಂದ ಪರಂಪರೆ ಇದು. ಆಸನದಲ್ಲೂ ಅದೇ ಮಾತು ಹೇಳುತ್ತೇವೆ, ನಿನ್ನ ಮೈ ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗು ಎಂದು. ಅಂಥ ನಾಡಿನಲ್ಲಿ ಎಲ್ಲರ ನೆಮ್ಮದಿಗೂ ಒಂದೇ ಅಂಕಿಯನ್ನು ಅಂಟಿಸಿ ಮಾರುತ್ತಿರುವುದು ಅಜ್ಞಾನ.

ಇದರ ಜೊತೆಗೆ ಇನ್ನೂ ಎಷ್ಟೋ ಸವೆದಿವೆ. ಬಡಾವಣೆಯ ಮನೆಗಳು ಅಪಾರ್ಟ್‌ಮೆಂಟುಗಳಾದವು, ಗೋಡೆಯಾಚೆಯ ಸರಳೆ ವರಸೆ ನಿಂತಿತು. ವೀಣೆ ಕಲಿಯುವ ಮಕ್ಕಳು ಇದ್ದಾರೆ, ಆದರೆ ಪಾಠ ಸಂಜೆಗೆ ಸರಿದಿದೆ, ಎಷ್ಟೋ ಕಡೆ ಕಂಪ್ಯೂಟರಿನ ಪರದೆಗೆ ಸರಿದಿದೆ. ನಸುಕಿನಲ್ಲಿ ಶಾಲಾ ವಾಹನಕ್ಕೆ ಓಡುವ ಮಗುವಿಗೆ ಮಾಯಾಮಾಳವಗೌಳಕ್ಕೆ ಹೊತ್ತೆಲ್ಲಿ? ಬೆಳಗಿನ ರೇಡಿಯೋ ಕೇಳುವ ಮನೆಗಳು ಕೈಬೆರಳೆಣಿಕೆಗೆ ಬಂದಿವೆ. ಹುಬ್ಬಳ್ಳಿ ಧಾರವಾಡದ ಗವಾಯಿಗಳು ತಂಬೂರಿ ತರಲು ಹೋಗುತ್ತಿದ್ದ ಮೀರಜಿನಲ್ಲಿ, ಪಂಢರಪುರದ ಕಡೆಯ ಹೊಲಗಳಿಂದ ಬುರುಡೆ ತಂದು ಒಣಗಿಸಿ ತಂಬೂರಿ ಕಟ್ಟುವ ಮನೆತನಗಳು ಇನ್ನೂ ಇವೆ. 2024ರಲ್ಲಿ ಆ ತಂಬೂರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಮಾನ್ಯತೆ ಬಂದರೆ ಸಾಲದು, ಕೊಂಡು ನುಡಿಸುವ ಕೈಗಳೂ ಬೇಕು. ಜೀವಾಳದ ಎಳೆಯನ್ನು ಸರಿಸಿ ತಂತಿಯ ಬಾಯಿ ಬಿಡಿಸಬಲ್ಲ ಬೆರಳುಗಳು ನಮ್ಮ ಊರುಗಳಲ್ಲಿ ದಿನೇ ದಿನೇ ಕಡಿಮೆಯಾಗುತ್ತಿವೆ.

2015ರಿಂದ ಪ್ರತಿ ಜೂನ್ 21ರಂದು ಅಂತಾರಾಷ್ಟ್ರೀಯ ಯೋಗ ದಿನ ನಡೆಯುತ್ತಿದೆ. ಸಾವಿರಾರು ಜನ ಒಂದೇ ಮೈದಾನದಲ್ಲಿ ಸೇರುವುದನ್ನು ಕಂಡಾಗ ಸಂತೋಷವಾಗುತ್ತದೆ. ನಾವು ಕಲಿಯುವಾಗ ಒಂದು ಪಡಸಾಲೆ ತುಂಬುವುದೇ ಕಷ್ಟವಾಗಿತ್ತು. ಇಷ್ಟೊಂದು ಜನರಿಗೆ ಯೋಗ ಬೇಕಾಗಿದೆ ಎಂದರೆ ಅದು ಸಣ್ಣ ಮಾತಲ್ಲ. ಆದರೆ ಆ ಮೈದಾನದ ಧ್ವನಿವರ್ಧಕದಲ್ಲಿ ಬರುವ ಸಂಗೀತ ಯಾವ ಊರಿನದು, ಯಾವ ಹೊತ್ತಿನದು, ಯಾರು ನುಡಿಸಿದ್ದು ಎಂದು ಕೇಳಿದರೆ ಉತ್ತರವಿಲ್ಲ. ಮೈಸೂರಿನಲ್ಲಿ ಕೂತವರಿಗೂ ಬೇರೆ ಖಂಡದ ಯಾವುದೋ ಊರಿನವರಿಗೂ ಒಂದೇ ಸದ್ದು. ಯೋಗ ಲೋಕಕ್ಕೆ ಹಬ್ಬಿತು. ಅದರ ಜೊತೆ ಬೆಳೆದಿದ್ದ ನಾದ ಮನೆಯಲ್ಲೇ ಹಿಂದುಳಿಯಿತು.

ಹಿನ್ನೆಲೆಯ ಸಂಗೀತದಿಂದ ಅಭ್ಯಾಸಕ್ಕೆ ಏನು ತೊಂದರೆ ಎಂದು ಕಿರಿಯರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರವೂ ಹಾಗೇ ಇರಬೇಕು. ತಾಳವಿರುವ ಸಂಗೀತ ಉಸಿರನ್ನು ತನ್ನ ಕಡೆಗೆ ಎಳೆಯುತ್ತದೆ. ಲಯ ಓಡಿದರೆ ಉಸಿರೂ ಓಡುತ್ತದೆ, ಮೈಗೆ ಬೇಕೋ ಬೇಡವೋ ಲೆಕ್ಕಕ್ಕಿಲ್ಲ. ಮಾತಿರುವ ಹಾಡು ಮನಸ್ಸನ್ನು ಅರ್ಥದ ಹಿಂದೆ ಕರೆದೊಯ್ಯುತ್ತದೆ, ಶೀರ್ಷಾಸನದಲ್ಲೋ ವೃಕ್ಷಾಸನದಲ್ಲೋ ನಿಂತವರಿಗೆ ಅದು ಒಳ್ಳೆಯದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸದ್ದು ತುಂಬಿದ ಕೋಣೆಯಲ್ಲಿ ನಮ್ಮ ಉಸಿರು ನಮಗೇ ಕೇಳಿಸುವುದಿಲ್ಲ. ಉಸಿರು ಒರಟಾದದ್ದು, ಮಧ್ಯೆ ತಡೆದದ್ದು, ಬಲವಂತವಾಗಿ ಎಳೆದದ್ದು ಕಿವಿಗೆ ಗೊತ್ತಾಗುತ್ತಿತ್ತು. ಸಾಕು, ಇಷ್ಟೇ ಬಗ್ಗು ಎಂದು ಎಚ್ಚರಿಸುವುದು ಆ ಸದ್ದೇ. ಶ್ರುತಿ ಮಾತ್ರ ಇವುಗಳಿಗೆ ಅಡ್ಡ ಬರುವುದಿಲ್ಲ. ಅದಕ್ಕೆ ತಾಳವಿಲ್ಲ, ಮಾತಿಲ್ಲ, ಎಲ್ಲಿಗೂ ಕರೆದೊಯ್ಯುವ ಅವಸರವಿಲ್ಲ. ಹರಿವ ನೀರಿಗೆ ದಂಡೆ ಇದ್ದಂತೆ ಅದು ಉಸಿರಿನ ಪಕ್ಕದಲ್ಲಿ ಸುಮ್ಮನಿರುತ್ತದೆ.

ಮೇಷ್ಟ್ರೂ ವೀಣೆಯಮ್ಮನೂ ಈಗಿಲ್ಲ. ಆ ಮನೆಯ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ. ಅವರು ಬರೆದಿಟ್ಟ ಪುಸ್ತಕವಿಲ್ಲ, ಧ್ವನಿಮುದ್ರಣವಿಲ್ಲ. ಪರದೆಯ ಎರಡು ಬದಿಗಳಲ್ಲಿ ನಡೆದ ಆ ಪಾಠ ಅಲ್ಲಿ ಕಲಿತ ಕೆಲವರ ನೆನಪಿನಲ್ಲಷ್ಟೇ ಇದೆ. ನಮ್ಮ ವಯಸ್ಸಿನವರು ಹೋದ ಮೇಲೆ ಅದೂ ಇರುವುದಿಲ್ಲ. ಇದನ್ನು ಬರೆಯಲು ಕೂತದ್ದು ಅದಕ್ಕೇ.

ಹಳೆಯ ಬೀದಿಯನ್ನು ಮತ್ತೆ ಕಟ್ಟಲಾಗದು, ಅದು ನನಗೂ ಗೊತ್ತು. ಆದರೆ ಕೆಲವು ಕೆಲಸಗಳು ಇಂದಿಗೂ ನಮ್ಮ ಕೈಯಲ್ಲಿವೆ. ಯೋಗ ಕಲಿಸುವ ತಂಗಿಯರೇ, ತಮ್ಮಂದಿರೇ, ಆಸನ ನಡೆಯುವಷ್ಟು ಹೊತ್ತು ಸ್ಪೀಕರನ್ನು ಬಂದ್ ಮಾಡಿ, ನಿಮ್ಮ ಬಾಯಿಯ ಎಣಿಕೆ ಕೇಳಿಸಲಿ, ಆಮೇಲೆ ಎಣಿಕೆಯನ್ನೂ ನಿಲ್ಲಿಸಿ ಉಸಿರು ಕೇಳಿಸಲಿ. ಭ್ರಾಮರಿಗೆ ಕೂತಾಗ ಕೋಣೆ ಪೂರ್ತಿ ಸುಮ್ಮನಿರಲಿ. ಶವಾಸನಕ್ಕೆ ಒಂದು ಶ್ರುತಿಪೆಟ್ಟಿಗೆ ಸಾಕು, ತಂಬೂರಿ ಸಿಕ್ಕರೆ ಇನ್ನೂ ಒಳ್ಳೆಯದು. ಸಂಗೀತವೇ ಬೇಕೆನ್ನಿಸಿದ ದಿನ ಹೊತ್ತಿಗೆ ತಕ್ಕ ಒಂದೇ ರಾಗವನ್ನು, ಹೆಸರಿರುವ ಒಬ್ಬ ಕಲಾವಿದರದನ್ನು, ಮೊದಲಿನಿಂದ ಕೊನೆಯವರೆಗೆ ಹಾಕಿ. ಯಾರು ನುಡಿಸಿದ್ದು, ಯಾವ ರಾಗ ಎಂದು ಮಕ್ಕಳಿಗೆ ಹೇಳಿ. ನಿಮ್ಮ ಬೀದಿಯಲ್ಲಿ ವೀಣೆಯೋ ಹಾಡುಗಾರಿಕೆಯೋ ಕಲಿಯುವ ಮಗು ಇದ್ದರೆ ವಾರಕ್ಕೊಂದು ಬೆಳಗ್ಗೆ ಬಂದು ನಿಮ್ಮ ಕೋಣೆಯಲ್ಲೇ ಸರಳೆ ವರಸೆ ನುಡಿಸು ಎಂದು ಕರೆಯಿರಿ. ತಪ್ಪಿದರೂ ತಪ್ಪಲಿ. ಆ ಮಗುವಿಗೆ ಕೇಳುಗರು ಸಿಕ್ಕುತ್ತಾರೆ, ನಿಮ್ಮವರಿಗೆ ಕಿವಿ ಬರುತ್ತದೆ.

ಮನೆಯ ಅಟ್ಟದ ಮೇಲೆ ಅಜ್ಜಿಯ ತಂಬೂರಿ ಧೂಳು ಹಿಡಿದು ಕೂತಿದ್ದರೆ ದಯವಿಟ್ಟು ಅದನ್ನು ಇಳಿಸಿ, ಬಲ್ಲವರ ಹತ್ತಿರ ಒಯ್ದು ತಂತಿ ಹಾಕಿಸಿ. ಶ್ರುತಿ ಕೂಡಿಸುವುದನ್ನು ಅವರಿಂದ ಕಲಿತುಕೊಳ್ಳಿ, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿ. ಬಲ್ಲವರು ಇನ್ನೂ ಇದ್ದಾರೆ, ಅವರು ಇರುವಾಗಲೇ ಹೋಗಿ.